ಕಡಲಾಚೆಯ ಶಾಲೆಯ ಕರೆಯೂ ಟೀಚರಮ್ಮನ ಸಂಬಳವೂ



ನಮ್ಮ ಲೈನು ಮನೆಗಳಲ್ಲಿ ಹುಟ್ಟಿ, ಬಿ.ಎ., ಬಿ.ಎಸ್ಸಿ. ಮುಗಿಸಿ, ಅದರ ಮೇಲೆ ಬಿ.ಎಡ್. ಕೂಡ ಮಾಡಿಕೊಂಡಿರುವ ಮಕ್ಕಳು ಈಗ ಅಪರೂಪವಲ್ಲ. ಟೀ ಎಲೆ ಕಿತ್ತು ಕಿತ್ತು ಕರೆಗಟ್ಟಿದ ತಾಯಿಯ ಕೈಯೇ ಮಗಳ ಕೈಗೆ ಸೀಮೆಸುಣ್ಣ ಕೊಟ್ಟಿದೆ. ಇಂಥ ಮಕ್ಕಳಲ್ಲಿ ಕೆಲವರಿಗೆ ಈಗ ಹೊಸದೊಂದು ಆಸೆ ಹುಟ್ಟಿದೆ. ಹೊರದೇಶಗಳಲ್ಲಿರುವ ಅಂತರರಾಷ್ಟ್ರೀಯ ಕ್ರೈಸ್ತ ಶಾಲೆಗಳಿಗೆ ಹೋಗಿ ಪಾಠ ಹೇಳಬೇಕೆಂಬದೇ ಆ ಆಸೆ. ಇದರ ವಿಷಯವಾಗಿ ನಮ್ಮ ಕೂಟಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಹಿರಿಯರಲ್ಲಿ ಕೆಲವರು, ಅದು ದೇವರ ಸೇವೆ, ಅಲ್ಲಿ ಸಂಬಳದ ಮಾತು ಎತ್ತಬಾರದು ಅನ್ನುತ್ತಾರೆ. ಎಳೆಯರಲ್ಲಿ ಕೆಲವರು, ಫಾರಿನ್ ಕೆಲಸ ಹೇಗಿದ್ದರೂ ಇಲ್ಲಿಗಿಂತ ಮೇಲು, ಸಿಕ್ಕಿದರೆ ಸಾಕು ಅನ್ನುತ್ತಾರೆ. ಈ ಎರಡು ಮಾತುಗಳನ್ನೂ ನಾವು ಒಪ್ಪುವದಿಲ್ಲ. ಏಕೆ ಒಪ್ಪುವದಿಲ್ಲವೆಂಬದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಇದನ್ನು ಬರೆಯಲು ಕಾರಣವಾದದ್ದು ನಮ್ಮ ಕೈಗೆ ಬಂದ ಒಂದು ಪತ್ರ. ಪೂರ್ವ ದೇಶಗಳಲ್ಲೊಂದರ ಶಾಲೆಯವರು ನಮ್ಮ ಕಡೆಯ ಒಬ್ಬ ತರಬೇತಾದ ಟೀಚರಮ್ಮನಿಗೆ ಬರೆದದ್ದು. ಶಾಲೆಯ ಹೆಸರು ಬೇಡ, ಊರಿನ ಹೆಸರೂ ಬೇಡ. ಮೊದಲನೆಯ ಪುಟದಲ್ಲಿ ಶಾಲೆಯ ಬೆಟ್ಟ, ಹೂದೋಟ, ಆಟದ ಮೈದಾನ, ಮಕ್ಕಳ ಹಾಡುಗಾರಿಕೆ ಇವುಗಳ ವರ್ಣನೆ. ಎರಡನೆಯ ಪುಟದಲ್ಲಿ ಅಸಲು ಸಂಗತಿ: ಶಾಲೆ ಸಂಬಳ ಕೊಡುವದಿಲ್ಲ. ಟೀಚರಮ್ಮನು ತನ್ನ ಊಟ, ವಸತಿ, ವಿಮೆ, ವಿಮಾನದ ಚಾರ್ಜು ಎಲ್ಲಕ್ಕೂ ಬೇಕಾಗುವ ಹಣವನ್ನು ತನ್ನ ಊರಿನ ಸಭೆಯಿಂದಲೂ ಮಿತ್ರರಿಂದಲೂ ತಿಂಗಳು ತಿಂಗಳು ತರಿಸಿಕೊಳ್ಳಬೇಕು. ಆ ಹಣಕ್ಕೆ ಜಾಮೀನಾಗಿ ಸಭಾಪಾಲಕರು ಸಹಿ ಹಾಕಬೇಕು. ಒಂದು ತಿಂಗಳಿಗೆ ಬೇಕೆಂದು ಕಾಣಿಸಿದ್ದ ಮೊತ್ತ ಆಕೆಯ ಸಭೆಯ ಇಡೀ ವರುಷದ ಕಾಣಿಕೆಗಿಂತ ದೊಡ್ಡದಾಗಿತ್ತು. ಆಕೆ ಪತ್ರವನ್ನು ಮಡಚಿ ಬೈಬಲಿನೊಳಗೆ ಇಟ್ಟುಕೊಂಡಳು. ಸಭೆಯಲ್ಲಿ ಯಾರಿಗೂ ಹೇಳಲಿಲ್ಲ, ಹೇಳಿದರೆ ಇಲ್ಲವೆನ್ನಲಾರದೆ ಅವರು ಸಾಲ ಮಾಡಿಯಾರು ಎಂಬ ಭಯ.

ಆ ಶಾಲೆಯವರು ಮೋಸಗಾರರೆಂದು ನಾವು ಹೇಳುವದಿಲ್ಲ. ಅವರು ನಡೆಸುತ್ತಿರುವದು ಬಹುಕಾಲದ ಪದ್ಧತಿ. ಕೀನ್ಯಾ ದೇಶದ ಕಿಜಾಬೆಯಲ್ಲಿ 1906ರಲ್ಲಿ ಆರಂಭವಾದ ರಿಫ್ಟ್ ವ್ಯಾಲಿ ಅಕಾಡೆಮಿ, ಜರ್ಮನಿಯ ಕಾಂಡರ್ನ್ ಊರಿನ ಬ್ಲ್ಯಾಕ್ ಫಾರೆಸ್ಟ್ ಅಕಾಡೆಮಿ, ಮನಿಲಾದ ಫೇಯ್ತ್ ಅಕಾಡೆಮಿ ಇವೆಲ್ಲ ಹೆಸರಾದ ಶಾಲೆಗಳು. ಇಲ್ಲಿನ ಶಿಕ್ಷಕರು ಬಹುಮಟ್ಟಿಗೆ ಯಾವದಾದರೂ ಮಿಶನ್ನಿನ ಮೂಲಕ, ತಮ್ಮ ದೇಶದ ಸಭೆಗಳ ಬೆಂಬಲದ ಹಣದಿಂದಲೇ ಬಂದವರು. ಈ ಪದ್ಧತಿ ಹೇಗೆ ಹುಟ್ಟಿತೆಂದು ತಿಳಿಯದೆ ಅದನ್ನು ಬೈಯುವದು ನ್ಯಾಯವಲ್ಲ.

ಮಿಶನರಿಗಳು ನಮ್ಮ ದೇಶಗಳಿಗೆ ಬಂದ ಮೊದಲ ದಿನಗಳಲ್ಲಿ ಅವರ ಮಕ್ಕಳ ಗತಿ ಕಷ್ಟದ್ದಾಗಿತ್ತು. ನೀಲಗಿರಿಯ ಕೇತಿಯಲ್ಲಿ 1846ರಲ್ಲಿ ಕೆಲಸ ತೊಡಗಿ ಸಭೆಗೆ ಕನ್ನಡವನ್ನೇ ಭಾಷೆಯಾಗಿ ಇಟ್ಟ ಬಾಸೆಲ್ ಮಿಶನ್ ನಮಗೆ ಗೊತ್ತಿರುವದೇ. ಆ ಮಿಶನ್ನಿನವರು ತಮ್ಮ ಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ಯೂರೋಪಿಗೆ ಕಳುಹಿಸಿಬಿಡಬೇಕಾಗಿತ್ತು. ಬಾಸೆಲಿನಲ್ಲಿ ಅಂಥ ಮಕ್ಕಳಿಗೆಂದೇ ಒಂದು ಮನೆಯಿತ್ತು. ಮಲಯಾಳಕ್ಕೆ ನಿಘಂಟು ಬರೆದ ಹೆರ್ಮನ್ ಗುಂಡರ್ಟರ ಮಗಳು ಮೇರಿ 1842ರಲ್ಲಿ ತಲಚೇರಿಯಲ್ಲಿ ಹುಟ್ಟಿದಳು. ಚಿಕ್ಕಂದಿನಲ್ಲೇ ಆಕೆಯನ್ನು ಯೂರೋಪಿನಲ್ಲಿ ಬಿಟ್ಟರು. ಮರಳಿ ಇಂಡಿಯಾ ನೋಡಿದ್ದು 1857ರಲ್ಲಿ, ಆಗ ಆಕೆ ಬೆಳೆದ ಹುಡುಗಿ. (ಈಕೆಯ ಮಗನೇ ಮುಂದೆ 1946ರಲ್ಲಿ ನೊಬೆಲ್ ಬಹುಮಾನ ಪಡೆದ ಹೆರ್ಮನ್ ಹೆಸ್ಸೆ.) ಹೆತ್ತವರಿಂದ ಮಕ್ಕಳನ್ನು ಹೀಗೆ ಸಮುದ್ರದಷ್ಟು ದೂರ ಮಾಡಬಾರದು, ಹತ್ತಿರದಲ್ಲೇ ಒಂದು ಶಾಲೆ ಇರಲಿ ಎಂಬ ವಿಚಾರದಿಂದಲೇ ಈ ಶಾಲೆಗಳು ಬೆಟ್ಟಗಳ ಮೇಲೆ ಎದ್ದವು. ನಮ್ಮ ಕೂನೂರಿನಲ್ಲಿ 1899ರಲ್ಲಿ ಆರಂಭವಾಗಿ ಈಗ ಊಟಿಯಲ್ಲಿರುವ ಹೆಬ್ರಾನ್, 1901ರಲ್ಲಿ ಆರಂಭವಾದ ಕೊಡೈಕಾನಲ್ ಶಾಲೆ ಇವೂ ಇದೇ ಬಳ್ಳಿಯ ಕಾಯಿಗಳು. ಮಿಶನರಿಗಳ ಮಕ್ಕಳಿಗೆ ಮಿಶನರಿಗಳೇ ಮೇಷ್ಟ್ರಾದರು. ತಂದೆತಾಯಿಗಳಿಗೆ ಸಭೆಯ ಹಣ ಬಂದಂತೆ ಮೇಷ್ಟ್ರಿಗೂ ಬಂತು. ಆಗ ಅದು ಸರಿಯಾಗಿಯೇ ಇತ್ತು, ಯಾಕೆಂದರೆ ಕಲಿಸುವವರೂ ಕಲಿಯುವವರೂ ಒಂದೇ ಜನ, ಒಂದೇ ನಾಡು.

ತೋಟದ ಜನರಾದ ನಮಗೆ ಇದರಲ್ಲಿ ಹತ್ತಿರದ ಉದಾಹರಣೆಯೊಂದಿದೆ. ಮಲೇಶಿಯದ ಪಹಾಂಗ್ ಸೀಮೆಯಲ್ಲಿ ಕ್ಯಾಮೆರಾನ್ ಹೈಲ್ಯಾಂಡ್ಸ್ ಎಂಬ ಬೆಟ್ಟದ ನಾಡುಂಟು. ನೋಡಿದವರು ನಮ್ಮ ಕೂನೂರು, ಗೂಡಲೂರುಗಳ ನೆನಪಾಗುತ್ತದೆಂದು ಹೇಳುತ್ತಾರೆ: ಅದೇ ಮಂಜು, ಅದೇ ಟೀ ಗಿಡ. ಅಲ್ಲಿ ದೊಡ್ಡ ಟೀ ತೋಟ ಹಾಕಿದ್ದು 1929ರಲ್ಲಿ. ಗಿಡ ನೆಟ್ಟವರು, ಎಲೆ ಕಿತ್ತವರು ನಮ್ಮ ನೆರೆಯ ತಮಿಳುನಾಡಿನಿಂದ ಕಡಲು ದಾಟಿದ ಕೂಲಿಗಾರರು ಮತ್ತು ಅವರ ಮಕ್ಕಳು. ಅದೇ 1929ರಲ್ಲಿ ದೂರದ ವಿಯೆಟ್ನಾಮಿನ ದಲಾತ್ ಊರಿನಲ್ಲಿ ಮಿಶನರಿ ಮಕ್ಕಳಿಗೆಂದು ದಲಾತ್ ಶಾಲೆ ಆರಂಭವಾಯಿತು. ಯುದ್ಧದ ನಿಮಿತ್ತ 1965ರಲ್ಲಿ ಅದು ವಿಯೆಟ್ನಾಮನ್ನು ಬಿಟ್ಟು ಬ್ಯಾಂಕಾಕಿಗೂ ಅಲ್ಲಿಂದ ಈ ಕ್ಯಾಮೆರಾನ್ ಬೆಟ್ಟಕ್ಕೂ ಬಂತು. 1971ರಲ್ಲಿ ಪಿನಾಂಗ್ ದ್ವೀಪಕ್ಕೆ ಹೋಗಿ ಈಗಲೂ ಅಲ್ಲಿಯೇ ಇದೆ. ಇದಕ್ಕಿಂತ ಮೊದಲೇ ಚೀಫೂ ಎಂಬ ಇನ್ನೊಂದು ಶಾಲೆ ಅದೇ ಬೆಟ್ಟದಲ್ಲಿ 1952ರಲ್ಲಿ ತೆರೆದು 2001ರ ವರೆಗೆ ನಡೆಯಿತು. ಆರು ವರುಷದ ಕೂಸುಗಳು ಕೂಡ ಅಲ್ಲಿ ಹಾಸ್ಟೆಲಿನಲ್ಲಿದ್ದು ಕಲಿತವು.

ಈಗ ಅದೇ ಬೆಟ್ಟದ ಕೆಳಗಿನ ಲೈನುಗಳನ್ನು ನೋಡೋಣ. ಮಲಯ ದೇಶದಲ್ಲಿ 1923ರ ಕಾರ್ಮಿಕ ಕಾಯಿದೆ ಒಂದು ತೋಟದಲ್ಲಿ ಏಳರಿಂದ ಹದಿನಾಲ್ಕು ವಯಸ್ಸಿನ ಹತ್ತು ಮಕ್ಕಳಿದ್ದರೆ ತೋಟದವರು ಶಾಲೆ ಇಡಬೇಕೆಂದು ಹೇಳಿತು. ಕಾಗದದ ಮೇಲೆ ಒಳ್ಳೇ ಮಾತು. ಆದರೆ ಎಷ್ಟೋ ತೋಟಗಳಲ್ಲಿ ಪಾಠ ಹೇಳುತ್ತಿದ್ದವರು ಯಾರು? ರೈಟರು, ಆಸ್ಪತ್ರೆಯ ಡ್ರೆಸರು, ಕೆಲವು ಕಡೆ ಸ್ವತಃ ಕಂಗಾಣಿ. ಒಂದೇ ಕೊಠಡಿ, ಎಲ್ಲ ಕ್ಲಾಸೂ ಒಟ್ಟಿಗೆ. ನಮ್ಮ ದೇಶದಲ್ಲಿ 1951ರ ಪ್ಲಾಂಟೇಶನ್ ಲೇಬರ್ ಕಾಯಿದೆ ಬಂದಾಗಲೂ ಆರರಿಂದ ಹನ್ನೆರಡು ವಯಸ್ಸಿನ ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ ತೋಟದವರು ಶಾಲೆಯ ಏರ್ಪಾಡು ಮಾಡುವಂತೆ ಸರಕಾರ ಕಟ್ಟಳೆ ಮಾಡಬಹುದೆಂದು ಬರೆದರು. ಅಂಥ ಒಂಟಿ ಕೊಠಡಿಯ ಶಾಲೆಯಲ್ಲಿ ಕೂತು ಕಲಿತವರು ಇದನ್ನು ಓದುತ್ತಿರುವವರಲ್ಲೇ ಅನೇಕರಿದ್ದೀರಿ. ಹೀಗೆ ಒಂದೇ ಟೀ ಬೆಟ್ಟ. ಮೇಲುಗಡೆ ಸಮುದ್ರ ದಾಟಿ ಬಂದ ತರಬೇತಾದ ಶಿಕ್ಷಕರು, ಕೆಳಗಡೆ ಸಮುದ್ರ ದಾಟಿ ಬಂದ ಕೂಲಿಗಾರನ ಮಗುವಿಗೆ ಡ್ರೆಸರು ಹೇಳಿದ ಅಕ್ಷರ. ಮೇಲಿನವರು ಕೆಟ್ಟವರಾದ್ದರಿಂದ ಹೀಗಾಯಿತೆಂದಲ್ಲ. ಶಿಕ್ಷಕನ ಸಂಬಳದ ಹಣ ಎಲ್ಲಿಂದ ಬರುತ್ತದೋ ಶಿಕ್ಷಕನೂ ಅಲ್ಲಿಂದಲೇ ಬರುತ್ತಾನೆ, ಆ ಜನರ ಮಕ್ಕಳಿಗಾಗಿಯೇ ಬರುತ್ತಾನೆ. ನಮ್ಮ ಚರ್ಚೆಗೆಲ್ಲ ಇದೇ ಬೇರು.

ಸಂಬಳವಿಲ್ಲದೆ ಕಲಿಸಿದವರ ಮೇಲೆ ನಮಗೆ ಗೌರವವಿಲ್ಲವೆಂದು ಯಾರೂ ತಿಳಿಯಬಾರದು. ಈ ಚೀಫೂ ಶಾಲೆಯ ಹಿಂದಿನ ಕಥೆಯನ್ನೇ ಕೇಳಿರಿ. ಹಡ್ಸನ್ ಟೇಲರರು ಚೀನಾದ ಸಮುದ್ರ ತೀರದಲ್ಲಿ 1881ರಲ್ಲಿ ಅದನ್ನು ಸ್ಥಾಪಿಸಿದರು. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಸೈನ್ಯ ಶಾಲೆಯನ್ನು ಹಿಡಿದುಕೊಂಡು, 1943ರಲ್ಲಿ ಮಕ್ಕಳನ್ನೂ ಶಿಕ್ಷಕರನ್ನೂ ವೆಯ್‌ಶಿಯೆನ್ ಎಂಬ ಸೆರೆ ಶಿಬಿರಕ್ಕೆ ಸಾಗಿಸಿತು. ಸುಮಾರು 1500 ಮಂದಿ ಗೋಡೆಯೊಳಗೆ. ಹೆತ್ತವರು ಎಲ್ಲಿಯೋ, ಮಕ್ಕಳು ಇಲ್ಲಿ. ಆ ಶಿಕ್ಷಕರು ಪಾಠ ನಿಲ್ಲಿಸಲಿಲ್ಲ. ಪುಸ್ತಕ ಸಾಲದಿದ್ದರೂ, ಹೊಟ್ಟೆಗೆ ಸಾಲದಿದ್ದರೂ, ಆಕ್ಸ್‌ಫರ್ಡಿನ ಪರೀಕ್ಷೆಗೆ ದೊಡ್ಡ ಹುಡುಗರನ್ನು ಸಿದ್ಧಮಾಡಿ ಶಿಬಿರದಲ್ಲೇ ಬರೆಯಿಸಿದರು. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 400 ಮೀಟರ್ ಓಟ ಗೆದ್ದ ಎರಿಕ್ ಲಿಡ್ಡೆಲ್ ಕೂಡ ಅದೇ ಶಿಬಿರದ ಸೆರೆಯಾಳು. ಅವರು ಚೀಫೂ ಶಾಲೆಯವರಲ್ಲ, ಟಿಯೆನ್‌ಸಿನ್ ಊರಿನ ಕಾಲೇಜಿನಲ್ಲಿ ವಿಜ್ಞಾನ ಕಲಿಸುತ್ತಿದ್ದವರು. ಶಿಬಿರದಲ್ಲಿ ಉಪಕರಣಗಳಿಲ್ಲದ ಕಾರಣ ಕಾಗದದ ಮೇಲೆ ಅವುಗಳ ಚಿತ್ರ ಬರೆದು ರಸಾಯನಶಾಸ್ತ್ರ ಹೇಳಿಕೊಟ್ಟರು, ಮಕ್ಕಳಿಗೆ ಆಟ ಆಡಿಸಿದರು. 1945ರ ಫೆಬ್ರವರಿ 21ರಂದು ಅಲ್ಲಿಯೇ ತೀರಿಕೊಂಡರು. ಬಿಡುಗಡೆ ಬಂದದ್ದು ಅದೇ ವರುಷದ ಆಗಸ್ಟಿನಲ್ಲಿ.

ಅವರು ಕೂಲಿ ಕೇಳಲಿಲ್ಲ, ನಿಜ. ಆದರೆ ಅವರಿದ್ದದ್ದು ಸೆರೆಮನೆಯಲ್ಲಿ. ಕೂಲಿ ಕೊಡತಕ್ಕವರು ಯಾರೂ ಅಲ್ಲಿರಲಿಲ್ಲ. ಫೀಸು ತೆಗೆದುಕೊಂಡು, ಈಜುಕೊಳ ಕಟ್ಟಿಸಿ, ಕಂಪ್ಯೂಟರ್ ಕೊಠಡಿ ಇಟ್ಟ ಶಾಲೆಯು ಸೆರೆ ಶಿಬಿರದ ತ್ಯಾಗವನ್ನು ಎತ್ತಿ ತೋರಿಸಿ ಟೀಚರಮ್ಮನನ್ನು ಬರಿಗೈಯಲ್ಲಿ ದುಡಿಯೆಂದು ಹೇಳುವದು ಸಲ್ಲದು. ತ್ಯಾಗವೆಂಬದು ಮಾಡುವವನು ತಾನಾಗಿ ಕೊಡತಕ್ಕದ್ದು, ಮಾಡಿಸಿಕೊಳ್ಳುವವನು ಕರಾರಿನಲ್ಲಿ ಬರೆದು ವಸೂಲು ಮಾಡತಕ್ಕದ್ದಲ್ಲ. ಅಪೊಸ್ತಲನಾದ ಪೌಲನು ಕೊರಿಂಥದಲ್ಲಿ ಗುಡಾರ ಹೊಲಿದು ಹೊಟ್ಟೆ ಹೊರೆದುಕೊಂಡನು. ಫಿಲಿಪ್ಪಿಯ ಸಭೆಯವರು ಕೊಟ್ಟಾಗ ತೆಗೆದುಕೊಂಡನು. ಎರಡೂ ಸರಿಯೇ. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿಯ ವಿಷಯವಾಗಿ ಯಾಕೋಬನ ಪತ್ರಿಕೆ ಎಷ್ಟು ಕಠಿಣವಾಗಿ ಮಾತಾಡುತ್ತದೆಂಬದನ್ನು, ಚೆಕ್ ರೋಲಿನಲ್ಲಿ ಹೆಸರಿರುವ ನಮಗೆ ಯಾರೂ ನೆನಪಿಸಬೇಕಾಗಿಲ್ಲ.

ಇದಕ್ಕೆ ಶಾಲೆಯವರ ಕಡೆಯಿಂದ ಒಂದು ಉತ್ತರವಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮಿಶನರಿ ತಂದೆತಾಯಿಗಳೂ ಕಾಣಿಕೆಯ ಹಣದಲ್ಲಿ ಬದುಕುವವರು. ಶಿಕ್ಷಕರಿಗೆಲ್ಲ ಪೂರಾ ಸಂಬಳ ಕೊಟ್ಟರೆ ಫೀಸು ಏರುತ್ತದೆ. ಫೀಸು ಏರಿದರೆ ಯಾರಿಗಾಗಿ ಶಾಲೆ ಹುಟ್ಟಿತೋ ಅವರ ಮಕ್ಕಳೇ ಹೊರಗೆ ಉಳಿಯುತ್ತಾರೆ. ಮಾತು ಸತ್ಯ. ಆದರೆ ಈಗ ಈ ಶಾಲೆಗಳಲ್ಲಿ ಮಿಶನರಿ ಮಕ್ಕಳಷ್ಟೇ ಇಲ್ಲ. ಕಂಪೆನಿ ಅಧಿಕಾರಿಗಳ ಮಕ್ಕಳು, ವ್ಯಾಪಾರಸ್ಥರ ಮಕ್ಕಳು, ಆಯಾ ದೇಶದ ಅನುಕೂಲಸ್ಥರ ಮಕ್ಕಳು ಬಹಳವಾಗಿ ಬಂದಿದ್ದಾರೆ. ಇಂಥವರಿಂದ ಪೂರ್ತಿ ಫೀಸು, ಮಿಶನರಿಯಿಂದ ಕಡಿಮೆ ಫೀಸು ಎಂದು ಭೇದ ಮಾಡಿ ತೆಗೆದುಕೊಳ್ಳುವ ಶಾಲೆಗಳು ಆಗಲೇ ಇವೆ, ಅವು ಮುಚ್ಚಿಹೋಗಿಲ್ಲ. ಇನ್ನು ಅಮೆರಿಕ, ಯೂರೋಪು, ಕೊರಿಯಾಗಳ ಸಭೆಗಳವರು ಕೊಡುವ ಹಣವನ್ನು ನಾವು ಬೇಡವೆನ್ನುವದಿಲ್ಲ. ಅದನ್ನು ಇಂಥ ಟೀಚರಿಗೆ ಎಂದು ಹೆಸರು ಬರೆದು ಕೊಡುವ ಬದಲು ಶಾಲೆಯ ಒಂದೇ ಪೆಟ್ಟಿಗೆಗೆ ಹಾಕಲಿ. ಆ ಪೆಟ್ಟಿಗೆಯಿಂದ ಎಲ್ಲ ಶಿಕ್ಷಕರಿಗೂ ಕೆಲಸ ನೋಡಿ ಸಂಬಳ ಹಂಚಲಿ. ಆಗ ಮಿನೆಸೋಟದಿಂದ ಬಂದವಳೂ ಗೂಡಲೂರಿನಿಂದ ಬಂದವಳೂ ಒಂದೇ ಮಸ್ಟರಿನಲ್ಲಿ ಸಹಿ ಹಾಕುತ್ತಾರೆ. ಹೀಗೆ ಮಾಡಿದರೆ ಕೊಡುವವರ ಉತ್ಸಾಹ ಇಳಿಯುತ್ತದೆಂದು ಹೇಳುತ್ತಾರೆ. ತಮಗೆ ಪರಿಚಯವಿರುವ ಮುಖಕ್ಕೆ ಜನ ಕೊಡುತ್ತಾರೆ, ಪೆಟ್ಟಿಗೆಗೆ ಕೊಡುವದಿಲ್ಲವಂತೆ. ಸ್ವಲ್ಪ ಇಳಿಯಬಹುದು. ಪರಿಚಯದ ಮುಖಕ್ಕೆ ಮಾತ್ರ ಕೊಡುವ ದಾನ ಎಷ್ಟು ದೊಡ್ಡದೆಂದು ಆ ಸಭೆಗಳವರೇ ಯೋಚಿಸಲಿ.

ನಮ್ಮ ಮಕ್ಕಳು ಹೋಗದಿದ್ದರೆ ನಷ್ಟ ನಮಗಷ್ಟೇ ಅಲ್ಲ, ಆ ಶಾಲೆಗಳಿಗೂ ಇದೆ. ಇದನ್ನು ಜಂಬದಿಂದ ಹೇಳುತ್ತಿಲ್ಲ. ರೂತ್ ಯೂಸೀಮ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞೆ ಮತ್ತು ಅವರ ಗಂಡ ಜಾನ್ ಯೂಸೀಮ್ 1950ರ ದಶಕದಲ್ಲಿ ಇಂಡಿಯಾಕ್ಕೆ ಬಂದು ಇಲ್ಲಿದ್ದ ಅಮೆರಿಕನರ ಜೀವನವನ್ನು ಪರಿಶೀಲಿಸಿದರು. ಹೆತ್ತವರ ನಾಡು ಒಂದು, ಬೆಳೆದ ನಾಡು ಇನ್ನೊಂದು, ಎರಡಕ್ಕೂ ಪೂರ್ತಿ ಸೇರದೆ ಮೂರನೆಯದೊಂದು ಬಾಳುವೆ ಕಟ್ಟಿಕೊಳ್ಳುವ ಇಂಥ ಮಕ್ಕಳನ್ನು ರೂತ್ ಅವರು ಮೂರನೇ ಸಂಸ್ಕೃತಿಯ ಮಕ್ಕಳೆಂದು ಕರೆದರು. ಆ ಹೆಸರು ಈಗ ಲೋಕವೆಲ್ಲ ಓಡಾಡುತ್ತಿದೆ. ಇಂಥ ಮಗುವಿಗೆ ನಿನ್ನ ಊರು ಯಾವದೆಂದು ಕೇಳಿದರೆ ಬಾಯಿ ಕಟ್ಟುತ್ತದೆ. ಈ ಸಂಕಟ ನಮ್ಮ ಮಕ್ಕಳಿಗೆ ಪುಸ್ತಕ ಓದದೆ ಗೊತ್ತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಇಲ್ಲವೆ ಮಲಯಾಳ, ಕಾರ್ಖಾನೆಯ ಬಾಗಿಲಲ್ಲಿ ಇಂಗ್ಲಿಷಿನ ಬೋರ್ಡು. ಮೈಸೂರು ಕಡೆ ಹೋದರೆ ನೀವು ತಮಿಳಿನವರಾ ಎಂದು ಕೇಳುತ್ತಾರೆ, ಇಲ್ಲಿ ನೀವು ಕನ್ನಡದವರಲ್ಲವಾ ಅನ್ನುತ್ತಾರೆ. ಲೈನು ಮನೆ ಕೂಡ ನಮ್ಮದಲ್ಲ, ಕೆಲಸ ಇರುವ ವರೆಗೆ ಮಾತ್ರ. ಹೀಗೆ ಬೆಳೆದ ಟೀಚರಮ್ಮನು ಕೊರಿಯದ ಮಿಶನರಿಯ ಮಗುವೊಂದು ಪಿನಾಂಗಿನ ಕ್ಲಾಸಿನಲ್ಲಿ ಮೂಲೆ ಹಿಡಿದು ಕೂತಾಗ, ಅದರ ಮೌನ ಯಾವ ಭಾಷೆಯದೆಂದು ಕೂಡಲೇ ಗುರುತಿಸುತ್ತಾಳೆ. ಅಂಥವಳನ್ನು ನಿನ್ನ ಸಭೆ ಬಡ ಸಭೆ ಎಂಬ ಒಂದೇ ಕಾರಣದಿಂದ ಬಾಗಿಲಲ್ಲೇ ನಿಲ್ಲಿಸುವ ಶಾಲೆ ಕೈಗೆ ಬಂದ ಬೆಣ್ಣೆಯನ್ನು ಬಿಟ್ಟು ತುಪ್ಪಕ್ಕೆ ಅಲೆದಂತೆ.

ನಮ್ಮ ತೋಟದ ಶಾಲೆಗಳಿಗೇ ಮೇಷ್ಟ್ರಿಲ್ಲ, ಇವರು ಹೊರದೇಶಕ್ಕೇಕೆ ಎಂದು ಕೇಳುವವರೂ ಇದ್ದಾರೆ. ಇಂಜಿನಿಯರನ ಮಗ ಹೊರದೇಶಕ್ಕೆ ಹೊರಟಾಗ ಯಾರೂ ಈ ಪ್ರಶ್ನೆ ಕೇಳುವದಿಲ್ಲ. ಕೂಲಿಯ ಮಗಳಿಗೆ ಮಾತ್ರ, ಇದ್ದಲ್ಲೇ ಇರು ಎಂದು ತೋಟವೂ ಹೇಳುವದು, ಸಭೆಯೂ ಹೇಳುವದು, ಇದು ಸಾಕು. ಹೋಗಲಿ, ನೋಡಲಿ, ಮನಸ್ಸಿದ್ದರೆ ಹಿಂದಿರುಗಲಿ.

ಹೋಗುವವರು ಒಂದು ಸಂಗತಿಯನ್ನು ಕಣ್ಣುಬಿಟ್ಟು ನೋಡಲೇಬೇಕು. ಇಂಥ ಶಾಲೆಗಳಲ್ಲಿ ಟೀಚರಮ್ಮನ ಕೆಲಸ ಗಂಟೆ ಹೊಡೆದಾಗ ಮುಗಿಯುವದಿಲ್ಲ. ಹಾಸ್ಟೆಲಿನಲ್ಲಿ ಮಕ್ಕಳಿಗೆ ತಾಯಿಯಾಗಿಯೂ ಇರಬೇಕಾಗುತ್ತದೆ. ಹೆತ್ತವರು ನೂರಾರು ಮೈಲಿ ದೂರ. ಆ ದೂರದಲ್ಲಿ ಏನು ನಡೆಯಬಹುದೆಂಬದಕ್ಕೆ ಪಶ್ಚಿಮ ಆಫ್ರಿಕದ ಗಿನಿ ದೇಶದಲ್ಲಿದ್ದ ಮಾಮೂ ಶಾಲೆ ಸಾಕ್ಷಿ. ಅಲ್ಲಿ ಓದಿದವರು ದೊಡ್ಡವರಾದ ಮೇಲೆ ಬಾಯಿಬಿಟ್ಟು, ತಮ್ಮನ್ನು ಹೊಡೆದದ್ದನ್ನೂ ಕೆಡಿಸಿದ್ದನ್ನೂ ಹೇಳಿದರು. ಮಿಶನ್ನು ನೇಮಿಸಿದ ಸ್ವತಂತ್ರ ವಿಚಾರಣಾ ಮಂಡಲಿ ವರದಿ ಕೊಟ್ಟು, ಆ ಮಕ್ಕಳಿಗೆ ಅನ್ಯಾಯವಾದದ್ದು ನಿಜವೆಂದು ಕಂಡುಕೊಂಡಿತು. ಹೆತ್ತವರಿಗೆ ಬರೆದರೆ ದೇವರ ಸೇವೆಗೆ ತಡೆಯಾಗುತ್ತದೆಂಬ ಭಯವನ್ನು ಆ ಎಳೆಯರಲ್ಲಿ ಹಾಕಿದ್ದೇ ಅವರ ಬಾಯಿ ಕಟ್ಟಿದ್ದು. ಸೇವೆಯ ಹೆಸರಿನಲ್ಲಿ ಮಗುವಿನ ಬಾಯಿ ಕಟ್ಟುವದೂ ಅದೇ ಹೆಸರಿನಲ್ಲಿ ಟೀಚರಮ್ಮನ ಬಾಯಿ ಕಟ್ಟುವದೂ ಒಂದೇ ಮನೆಯ ರೋಗ. ತನ್ನ ಕೂಲಿಯನ್ನು ಕೇಳಲು ಹೆದರುವ ಟೀಚರಮ್ಮನು ಮಗುವಿನ ಪರವಾಗಿ ಹೆಡ್‌ಮಾಸ್ಟರರ ಎದುರು ನಿಂತಾಳೇ? ಆದ್ದರಿಂದ ಮಕ್ಕಳ ರಕ್ಷಣೆಗೆ ಬರೆದಿಟ್ಟ ನಿಯಮವಿದೆಯೇ, ದೂರು ಯಾರಿಗೆ ಕೊಡಬೇಕು, ಶಾಲೆಯ ಹೊರಗಿನವರು ಯಾರಾದರೂ ಅದನ್ನು ಕೇಳುತ್ತಾರೆಯೇ ಎಂದು ಮೊದಲೇ ವಿಚಾರಿಸಬೇಕು. ವಿಚಾರಿಸಿದ್ದಕ್ಕೆ ಸಿಟ್ಟಾಗುವ ಶಾಲೆಯಾದರೆ ಅಲ್ಲಿಗೆ ಹೋಗಲೇಬೇಡಿರಿ.

ಇನ್ನು ಕಾಗದದ ಮಾತು. ನಮ್ಮ ನೆರೆಯ ಜಿಲ್ಲೆಗಳ ಹಿರಿಯರು ಮಲಯಕ್ಕೆ ಹೋದದ್ದು ಕಂಗಾಣಿಯ ಬಾಯಿಮಾತು ನಂಬಿ. ಮುಂಗಡ ತೆಗೆದುಕೊಂಡ ದಿನವೇ ಸಾಲ ಶುರು. ಕೊನೆಗೆ 1938ರಲ್ಲಿ ಇಂಡಿಯಾ ಸರಕಾರವೇ ಕೂಲಿಗಾರರನ್ನು ಹಾಗೆ ಕರೆದೊಯ್ಯುವದನ್ನು ನಿಲ್ಲಿಸಿತು. ಮುಂದೆ 1983ರ ವಲಸೆ ಕಾಯಿದೆ ಬಂತು. ಹತ್ತನೇ ಕ್ಲಾಸು ಪಾಸಾಗದವರು ಮಲೇಶಿಯ, ಗಲ್ಫ್ ನಾಡುಗಳು ಮುಂತಾದ 18 ದೇಶಗಳಿಗೆ ಕೆಲಸಕ್ಕೆ ಹೊರಟರೆ ವಲಸೆ ಸಂರಕ್ಷಣಾಧಿಕಾರಿಯ ಒಪ್ಪಿಗೆ ಪಡೆಯಬೇಕೆಂದೂ, ಅವರ ಕರಾರು ಕಾಗದವನ್ನು ಆ ಅಧಿಕಾರಿ ನೋಡಬೇಕೆಂದೂ ಏರ್ಪಾಡಾಯಿತು. ಪದವಿ ಪಡೆದ ಟೀಚರಮ್ಮನಿಗೆ ಈ ಒಪ್ಪಿಗೆ ಬೇಕಾಗಿಲ್ಲ. ಇದನ್ನು ಗೌರವವೆಂದು ತಿಳಿದು ಹಿಗ್ಗುತ್ತೇವೆ. ಆದರೆ ಇನ್ನೊಂದು ಮಗ್ಗುಲಿನಿಂದ ನೋಡಿದರೆ, ಓದು ಬಾರದ ಕೂಲಿಗಾರನ ಕಾಗದವನ್ನು ನೋಡಲು ಒಬ್ಬ ಅಧಿಕಾರಿಯಿದ್ದಾನೆ, ಓದು ಬಲ್ಲ ಟೀಚರಮ್ಮನ ಕಾಗದವನ್ನು ನೋಡಲು ಯಾರೂ ಇಲ್ಲ. ಆಕೆಯೇ ಓದಿಕೊಳ್ಳಬೇಕು.

ಓದುವಾಗ ಕಣ್ಣು ಎಲ್ಲಿ ನಿಲ್ಲಬೇಕು? ವೀಸಾದ ಮೇಲೆ. ಪ್ರವಾಸಿ ವೀಸಾದಲ್ಲಿ ಬಾ, ಆಮೇಲೆ ಸರಿಮಾಡುತ್ತೇವೆ ಎಂಬ ಮಾತು ಬಂದರೆ ಅಲ್ಲಿಗೇ ಪತ್ರ ಮುಚ್ಚಿರಿ. ಪರವಾನಗಿಯಿಲ್ಲದೆ ಕೆಲಸ ಮಾಡಿ ಸಿಕ್ಕಿಬಿದ್ದರೆ ಟೀಚರಮ್ಮನು ಜೈಲಿಗೆ ಹೋಗಬೇಕಾದೀತು. ಸಂಬಳದ ಮೇಲೆ. ಅನೇಕ ಅಂತರರಾಷ್ಟ್ರೀಯ ಶಾಲೆಗಳಲ್ಲಿ ಎರಡು ತಕ್ಕಡಿಗಳಿವೆ, ಹೊರಗಿನಿಂದ ನೇಮಿಸಿದವರಿಗೆ ಒಂದು, ಸ್ಥಳೀಯರಿಗೆ ಇನ್ನೊಂದು. ಇಂಡಿಯಾದಿಂದ ಹೋದವರನ್ನು ಯಾವ ತಕ್ಕಡಿಯಲ್ಲಿ ಕೂರಿಸುತ್ತಾರೆಂದು ಬರಹದಲ್ಲಿ ಕೇಳಬೇಕು, ಎಲೆ ತೂಗುವಾಗ ನಾವು ಮುಳ್ಳು ನೋಡುವ ಹಾಗೆಯೇ ನೋಡಬೇಕು. ಕಾಯಿಲೆಯಾದರೆ ಖರ್ಚು ಯಾರದು, ರಜೆಯಲ್ಲಿ ಊರಿಗೆ ಬರುವ ಟಿಕೇಟು ಯಾರದು, ಕರಾರು ಮುಗಿಯುವ ಮೊದಲೇ ಹಿಂದಿರುಗಬೇಕಾದರೆ ಏನು ದಂಡ, ಇವೂ ಇರಲಿ. ಪಾಸ್‌ಪೋರ್ಟನ್ನು ಜೋಪಾನಕ್ಕೆಂದು ಆಫೀಸಿನಲ್ಲಿ ಕೊಡು ಅಂದರೆ ಕೊಡಕೂಡದು. ಅದು ಟೀಚರಮ್ಮನದೂ ಅಲ್ಲ, ಶಾಲೆಯದೂ ಅಲ್ಲ, ಇಂಡಿಯಾ ಸರಕಾರದ ಸೊತ್ತು. ನಮ್ಮ ಬಿ.ಎಡ್. ಸರ್ಟಿಫಿಕೇಟನ್ನು ಎಲ್ಲ ಶಾಲೆಗಳೂ ಹಾಗೆಯೇ ಒಪ್ಪುವದಿಲ್ಲ, ಕೆಲವು ಕಡೆ ಬೇರೆ ತರಬೇತಿ ಕೇಳುತ್ತಾರೆ. ಆ ತರಬೇತಿಗೆ ಹಣ ಕಟ್ಟುವ ಮೊದಲು ಕೆಲಸ ಖಂಡಿತವೇ ಎಂದು ನೋಡಿಕೊಳ್ಳಬೇಕು.

ಸಭಾಪಾಲಕರಿಗೂ ಸಭೆಯ ಹಿರಿಯರಿಗೂ ನಮ್ಮದೊಂದು ಬಿನ್ನಹ. ಇಂಥ ಪತ್ರ ನಿಮ್ಮ ಸಭೆಯ ಮಗಳಿಗೆ ಬಂದರೆ, ಬೆಂಬಲದ ಹಣಕ್ಕೆ ಸಹಿ ಹಾಕಿ ಬಡವರ ಚೀಟಿ ಹಣಕ್ಕೆ ಕೈ ಚಾಚಬೇಡಿರಿ. ಹಣವಿಲ್ಲವೆಂದು ನಾಚಿಕೊಂಡು ಸುಮ್ಮನಿರಲೂ ಬೇಡಿರಿ. ಸಭೆಯ ಲೆಟರ್‌ಹೆಡ್ಡಿನಲ್ಲೇ ಆ ಶಾಲೆಗೆ ಬರೆಯಿರಿ: ಇವಳು ತರಬೇತಾದವಳು, ನಮ್ಮ ಸಭೆಯಲ್ಲಿ ಬೆಳೆದವಳು, ಇವಳ ನಡತೆಗೆ ನಾವು ಜಾಮೀನು, ಇವಳ ಸಂಬಳಕ್ಕೆ ನೀವು ಜಾಮೀನಾಗಿರಿ. ಒಂದು ಸಭೆ ಬರೆದರೆ ಆ ಶಾಲೆಯವರು ನಕ್ಕು ಬದಿಗಿಟ್ಟಾರು. ನೀಲಗಿರಿಯಿಂದಲೂ ವಯನಾಡಿನಿಂದಲೂ ತಾಳವಾಡಿಯಿಂದಲೂ ಹತ್ತು ಪತ್ರ ಹೋದರೆ ಅವರ ಮಂಡಲಿಯ ಮೀಟಿಂಗಿನಲ್ಲಿ ಒಮ್ಮೆಯಾದರೂ ಓದಲೇಬೇಕಾಗುತ್ತದೆ.

ಈ ಶಾಲೆಗಳಲ್ಲಿ ಹೆಚ್ಚಿನವುಗಳ ವರುಷ ಆಗಸ್ಟಿನಲ್ಲಿ ತೊಡಗುತ್ತದೆ. ಜಾಗಗಳನ್ನು ತುಂಬುವ ಕೆಲಸ ಹಿಂದಿನ ಅಕ್ಟೋಬರಿನಿಂದಲೇ ನಡೆಯುತ್ತದೆ, ಮಾರ್ಚಿನ ಹೊತ್ತಿಗೆ ಬಹಳ ಮಟ್ಟಿಗೆ ಮುಗಿದಿರುತ್ತದೆ. ಬರೆಯುವವರು ದೀಪಾವಳಿಯೊಳಗೆ ಬರೆದುಬಿಡಿರಿ. ಉತ್ತರ ಬಂದಾಗ ಎರಡನೆಯ ಪುಟವನ್ನು ಮೊದಲು ಓದಿರಿ.